ಕಡೇ ರೊಟ್ಟಿ ಕೆಂಚ್ಯಾನದು

ರೊಟ್ಟಿ ಬಡಿದು ಮುಗಿದ ಮೇಲೆ ಉಳಿದ ಹಿಟ್ಟಿನಲ್ಲಿ ನಾನೊಂದು ಸಣ್ಣ ರೊಟ್ಟಿ ಮಾಡುತ್ತೇನೆ. ಪರಾತಕ್ಕೆ ಅಂಟಿದ್ದು, ಬೆರಳಿಗೆ ಮೆತ್ತಿದ್ದು ಎಲ್ಲ ಕೂಡಿಸಿ ಅಂಗೈಯಗಲದ್ದು, ತುಸು ದಪ್ಪ. ಚಡಚಣದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಾಡುತ್ತಲೇ ಇದ್ದೇನೆ. ಒಲೆ ಹೋಗಿ ಗ್ಯಾಸ್ ಬಂತು, ಮಣ್ಣಿನ ಹಂಚು ಹೋಗಿ ಕಬ್ಬಿಣದ್ದು ಬಂತು, ಆ ಸಣ್ಣ ರೊಟ್ಟಿ ಹೋಗಲಿಲ್ಲ. ಈ ಮನೆಯಲ್ಲಿ ನಾಯಿ ಇಲ್ಲ, ಎಂದೂ ಇರಲಿಲ್ಲ. ನಮ್ಮವರದು ದ್ರಾಕ್ಷಿ ವ್ಯಾಪಾರ, ಅವರಿಗೆ ಹಣ್ಣಿನ ಪೆಟ್ಟಿಗೆ ಬಿಟ್ಟರೆ ಬೇರೆ ಯಾವುದರ ಮೇಲೂ ಪ್ರೀತಿ ಇಲ್ಲ ಎಂದು ನಾನೇ ಆಗಾಗ ಅನ್ನುತ್ತೇನೆ. ಮಗಳು ವಿಜಯಪುರದಲ್ಲಿ ಓದುತ್ತಾಳೆ. ಮೊನ್ನೆ ಮೊಬೈಲಿಗೆ ಒಂದು ನಾಯಿಮರಿಯ ಫೋಟೋ ಕಳಿಸಿದ್ದಳು. ಹಾಸ್ಟೆಲಿನ ಗೋಡೆಯ ಬದಿ ಯಾರೋ ಬಿಟ್ಟುಹೋದದ್ದಂತೆ, ಕಾಲೇಜಿನ ಸೂಟಿಗೆ ಬರುವಾಗ ತರುತ್ತಾಳಂತೆ. ಹಿಂದೆಯೇ ಫೋನು ಮಾಡಿದಳು.

"ಅವ್ವಾ, ನಿನ್ನ ತವರಮನ್ಯಾಗ ಒಂದ್ ನಾಯಿ ಇತ್ತಲ್ಲ? ಏನ್ ಅದರ ಹೆಸರು?"

"ಕೆಂಚ್ಯಾ."

"ಹೆಂಗಿತ್ತು?"

"ನಾಯಿ ಇದ್ದಂಗ ಇತ್ತು."

ಅಷ್ಟೇ ಹೇಳಿದೆ. ಹುಡುಗಿಗೆ ಬೇಜಾರಾಗಿರಬೇಕು. ನನ್ನ ಮಾತು ಮೊದಲಿನಿಂದಲೂ ಹೀಗೇ, ತುಂಡು ಮಾಡಿ ಒಗೆದಂತೆ. ಹೇಳಲು ಏನೂ ಇರಲಿಲ್ಲ ಎಂದಲ್ಲ. ಫೋನಿನಲ್ಲಿ ಹೇಳುವಂಥದ್ದು ಇರಲಿಲ್ಲ. ಅದನ್ನು ಹೇಳಬೇಕೆಂದರೆ ಆ ಮನೆಯಿಂದಲೇ ಶುರು ಮಾಡಬೇಕು.

ನಮ್ಮೂರು ಹೂವಿನ ಹಿಪ್ಪರಗಿಯಿಂದ ಒಳಗೆ, ಬಸ್ಸಿಳಿದು ಅರ್ಧ ತಾಸು ನಡೆದರೆ ಸಿಗುವ ಹಳ್ಳಿ. ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಯ ಹಿಂಬಾಗಿಲು ತೆಗೆದರೆ ಕುರಿದೊಡ್ಡಿ. ದೊಡ್ಡಿ ಮನೆಗಿಂತ ದೊಡ್ಡದಿತ್ತು. ಮನುಷ್ಯರು ಹೆಂಗಾದರೂ ಮಲಗುತ್ತಾರೆ, ಕುರಿಗೆ ಜಾಗ ಬೇಕು ಎಂದು ಕಟ್ಟಿಸಿದ ಮುತ್ಯಾನಿಗೆ ಅನಿಸಿರಬೇಕು. ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಒಲೆಯ ಬದಿಯ ಕಲ್ಲಿಗೆ ಮುಟ್ಟುವುದರೊಳಗೆ ಅವ್ವನ ರೊಟ್ಟಿ ಮುಗಿಯುತ್ತಿತ್ತು. ಪಡಸಾಲೆಯಲ್ಲಿ ಆಯಿ, ಅಂದರೆ ಅಪ್ಪನ ಅವ್ವ, ಕಾಲು ಚಾಚಿ ಕುಳಿತು ಉಣ್ಣೆ ನೂಲುತ್ತಿದ್ದಳು. ನೂಲುತ್ತ ನೂಲುತ್ತ ಮನೆಯ ಎಲ್ಲರನ್ನೂ ಬಯ್ಯುತ್ತಿದ್ದಳು, ಅದು ಅವಳ ದಿನದ ಕೆಲಸದಲ್ಲಿ ಸೇರಿತ್ತು. ಮನೆಯ ತುಂಬ ಉಣ್ಣೆಯ, ಹಿಕ್ಕೆಯ, ಕುರಿಹಾಲಿನ ವಾಸನೆ. ಸಾಲೆಯಲ್ಲಿ ನನ್ನ ಬದಿಗೆ ಕೂರುವ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಆ ವಾಸನೆ ಗೊತ್ತೇ ಇರಲಿಲ್ಲ. ಕುರಿ ಹೋದ ಮೇಲೆ ಒಂದು ಮುಂಜಾನೆ ಎದ್ದಾಗ ಗೊತ್ತಾಯಿತು, ಅದು ಇಲ್ಲ ಎಂದು.

ಅಪ್ಪ ವರ್ಷದ ಬಹುಪಾಲು ಮನೆಯಲ್ಲಿ ಇರುತ್ತಿರಲಿಲ್ಲ. ಹಿಂಡು ಹೊಡೆದುಕೊಂಡು ಊರೂರು ತಿರುಗುವುದು, ಗೊಬ್ಬರ ಬೀಳಲಿ ಎಂದು ರೈತರು ಕರೆದ ಹೊಲದಲ್ಲಿ ಕುರಿ ನಿಲ್ಲಿಸುವುದು, ಅಲ್ಲಿಂದ ಮುಂದಿನ ಹೊಲ. ಮುದ್ದೇಬಿಹಾಳದ ಕಡೆಯಿಂದ ಹಿಡಿದು ಇಂಡಿಯ ಕಡೆಯವರೆಗೆ ಅವನ ಕಾಲಿಗೆ ಗೊತ್ತಿಲ್ಲದ ದಾರಿ ಇರಲಿಲ್ಲ. ಮನೆಗೆ ಬಂದಾಗಲೂ ಮಾತು ಕಮ್ಮಿ. ಕಂಬಳಿ ಕೊಡವಿ ಗೂಟಕ್ಕೆ ಹಾಕಿ, ಕಾಲು ತೊಳೆದು, ಒಲೆಯ ಮುಂದೆ ಕೂರುತ್ತಿದ್ದ. ಅವನ ಹಿಂದೆಯೇ ಬಂದ ಕೆಂಚ್ಯಾ ಅಡಿಗೆಮನೆಯ ಹೊಸ್ತಿಲಿಗೆ ಮುಂಗಾಲು ತಾಗಿಸಿ ಕೂರುತ್ತಿದ್ದ. ಹೊಸ್ತಿಲು ದಾಟಬಾರದು ಎಂಬುದು ಅವನಿಗೆ ಗೊತ್ತಿತ್ತು, ದಾಟುತ್ತಿರಲಿಲ್ಲ. ಆದರೆ ಉಗುರು ಮಾತ್ರ ಒಳಗೇ ಇರುತ್ತಿದ್ದವು. ತೋಳ ಕುತ್ತಿಗೆಗೆ ಬಾಯಿ ಹಾಕಬಾರದೆಂದು ಅವನಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿರುತ್ತಿದ್ದರು. ಮನೆಗೆ ಬಂದಾಗ ಆ ಪಟ್ಟಿ ಬಿಚ್ಚುವುದು ನನ್ನ ಕೆಲಸ. ಬಿಚ್ಚಿದ ಕೂಡಲೇ ಮೈಯೆಲ್ಲ ಜಾಡಿಸಿ ಒಂದು ಸಲ ಬಾಯಿ ತೆರೆದು ಆಕಳಿಸುತ್ತಿದ್ದ. ಆಮೇಲೆ ಅವನ ಕಾಲು ಹಿಡಿದು ಬೆರಳಿನ ಸಂದಿಯ ಮುಳ್ಳು ತೆಗೆಯುತ್ತಿದ್ದೆ. ಬೇರೆ ಯಾರಾದರೂ ಕಾಲು ಹಿಡಿದಿದ್ದರೆ ಕೈ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಅವ್ವ ಕಡೇ ರೊಟ್ಟಿ ಇಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ದೇವರ ಹೆಸರಲ್ಲಿ ತೆಗೆದಿಡುವುದು, ಕಡೆಯದು ನಾಯಿಗೆ. ಅದನ್ನು ಮಜ್ಜಿಗೆಯಲ್ಲಿ ಅದ್ದಿ, ಮುರಿದು, ನನ್ನ ಕೈಯಿಂದ ಉಣಿಸಬೇಕು. ತಾಟಿಗೆ ಹಾಕುವಂತಿಲ್ಲ, ನೆಲಕ್ಕೆ ಒಗೆಯುವಂತಿಲ್ಲ. ತುತ್ತು ಮುಗಿದ ಮೇಲೆ ಅವನು ಅಂಗೈ ನೆಕ್ಕುತ್ತಿದ್ದ. ನಾಲಿಗೆ ಒರಟು. ಈಗಲೂ ಹೊಸ ಕಂಬಳಿ ಕೈಗೆ ತಾಗಿದರೆ ನನಗೆ ಅದೇ ನೆನಪಾಗುತ್ತದೆ.

ಕೈಯಿಂದಲೇ ಯಾಕೆ ಎಂದರೆ, ಕುರಿ ಕಾಯುವವರ ನಾಯಿಗೆ ಒಂದು ಪಾಠ ಕಲಿಸಿರುತ್ತಾರೆ. ಹಿಂಡಿನ ಮೇಲೆ ಕಣ್ಣಿಟ್ಟ ಕಳ್ಳ ಮೊದಲು ಹುಡುಕುವುದು ನಾಯಿಯ ಬಾಯಿ. ರೊಟ್ಟಿಗೆ ಏನಾದರೂ ಹಚ್ಚಿ ಒಗೆದರೆ ನಾಯಿಯ ಕತೆ ಮುಗಿಯಿತು, ಕುರಿಯ ಕತೆಯೂ ಮುಗಿಯಿತು. ಅದಕ್ಕೇ ನಾಯಿ ಮನೆಯವರ ಕೈಯಿಂದ ಬಿಟ್ಟು ಬೇರೆ ಯಾರಿಂದಲೂ ಉಣ್ಣಬಾರದು. ಕೆಂಚ್ಯಾನಿಗೆ ಕಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ಅವನು ನನ್ನ ತೊಡೆಯ ಮೇಲೆ ಹಿಡಿಸುವಷ್ಟೇ ಇದ್ದ. ಕೆಂಪು ಮೈ, ಒಂದು ಕಿವಿ ನಿಂತದ್ದು, ಇನ್ನೊಂದು ಮಡಚಿದ್ದು. ಅಪ್ಪ ಓಣಿಯ ಒಬ್ಬೊಬ್ಬರ ಕೈಗೂ ರೊಟ್ಟಿಯ ತುಂಡು ಕೊಟ್ಟು ಮರಿಯನ್ನು ಕರೆಯಲು ಹೇಳುತ್ತಿದ್ದ. ಮರಿ ಬಾಲ ಅಲ್ಲಾಡಿಸುತ್ತ ಹೋಗಿ ಬಾಯಿ ಹಾಕಿದ ಕೂಡಲೇ ಅವರು ಅದರ ಮೂತಿಗೆ ಒಂದು ಕೊಡಬೇಕು. ಆಟಕ್ಕಲ್ಲ, ನೋಯುವಂತೆ. ಕುಂಯ್ ಎಂದು ಓಡಿ ಬಂದ ಮೇಲೆ ಅಪ್ಪ ಅದೇ ತುಂಡನ್ನು ತನ್ನ ಕೈಯಿಂದ ಉಣಿಸುತ್ತಿದ್ದ. ಮಗ್ಗುಲಮನೆಯ ನೀಲವ್ವ ದೊಡ್ಡವ್ವನಿಗೆ ಮಾತ್ರ ಕೈ ಏಳಲಿಲ್ಲ.

"ಪಾಪ ಬರ್ತೈತಿ ತಮ್ಮಾ. ನಾ ಹೊಡಿಯೂದಿಲ್ಲ."

"ಹೊಡಿ ಅಕ್ಕಾ. ಇವತ್ತ ನೀ ಹೊಡೀಲಿಲ್ಲಂದ್ರ ನಾಳೆ ಯಾರರ ಕೊಂದ್ ಹಾಕ್ತಾರ."

ನೀಲವ್ವ ಕಣ್ಣು ಮುಚ್ಚಿ ಹೊಡೆದಳು. ಕೆಂಚ್ಯಾ ಬೇಗ ಕಲಿತ. ಮದುವೆಯ ಊಟದ ಎಲೆಗಳನ್ನು ಊರ ನಾಯಿಗಳೆಲ್ಲ ಎಳೆದಾಡುತ್ತಿದ್ದರೆ ಅವನು ದೂರ ಕುಳಿತು ಅಪ್ಪನ ಮುಖ ನೋಡುತ್ತಿದ್ದ. ಜನ ಬೇಕೆಂದೇ ಬೆಲ್ಲ ಹಚ್ಚಿದ ರೊಟ್ಟಿ ಹಿಡಿದು ಕರೆಯುತ್ತಿದ್ದರು. ಅವನು ಮುಖ ತಿರುಗಿಸುತ್ತಿದ್ದ. ಅಪ್ಪನಿಗೆ ಆಗ ಬರುತ್ತಿದ್ದಷ್ಟು ಮಾತು ಮತ್ತೆ ಯಾವಾಗಲೂ ಬರುತ್ತಿರಲಿಲ್ಲ.

"ಜೀವ ಹ್ವಾದ್ರೂ ಮಂದಿ ಕೂಳ ಮುಟ್ಟೂದಿಲ್ಲ ನನ್ನ ನಾಯಿ."

ಹೊಸದಾಗಿ ತೋಡಿದ ಕಾಲುವೆಗೆ ನೀರು ಬಂದದ್ದು ಊರಿಗೆಲ್ಲ ಒಳ್ಳೆಯದಾಯಿತು. ನಮ್ಮಂಥ ಕೆಲವರು ಮಾತ್ರ ಆ ಲೆಕ್ಕಕ್ಕೆ ಬರಲಿಲ್ಲ. ಒಂದು ಬೆಳೆ ತೆಗೆದು ಖಾಲಿ ಬಿಡುತ್ತಿದ್ದ ಹೊಲಗಳಲ್ಲಿ ಮತ್ತೊಂದು ಬೆಳೆ ನಿಂತಿತು, ಕಬ್ಬು ಬಂತು. ಹಸಿರು ಎಲ್ಲೆಲ್ಲೂ ಇತ್ತು, ಕುರಿಗೆ ಮೇಯಲು ಎಲ್ಲೂ ಇರಲಿಲ್ಲ. ಅಪ್ಪ ಹಿಂಡನ್ನು ಸಿಂದಗಿಯ ಕಡೆಯ ಅಮೋಗಪ್ಪನಿಗೆ ಮಾರಿದ. ಅಮೋಗಪ್ಪ ನಮ್ಮ ಪೈಕಿಯೇ, ಕುರಿಯನ್ನು ಚೆನ್ನಾಗಿ ನೋಡಿಕೊಳ್ಳುವ ಮನುಷ್ಯ. ಅವನ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಹಿಂಡು ಕೊಟ್ಟರೆ ಹಿಂಡಿನ ನಾಯಿಯನ್ನೂ ಕೊಡುವುದು ನಮ್ಮಲ್ಲಿ ರೂಢಿ. ಕುರಿಗೆ ನಾಯಿ ಗೊತ್ತು, ನಾಯಿಗೆ ಕುರಿ ಗೊತ್ತು, ಅಗಲಿಸಬಾರದು ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಾಯಿಗೆ ನಾವೂ ಗೊತ್ತು ಎಂಬುದೊಂದನ್ನು ಯಾರೂ ಯೋಚಿಸಲಿಲ್ಲ.

ಹಿಪ್ಪರಗಿಗೂ ಸಿಂದಗಿಗೂ ಸಾಮಾನು ಸಾಗಿಸುತ್ತಿದ್ದ ಹುಸೇನಸಾಬನ ಟೆಂಪೋ ಬಂತು. ಕುರಿಗಳನ್ನು ಎತ್ತಿ ಎತ್ತಿ ಹಾಕಿದರು. ಅಪ್ಪ ನನ್ನನ್ನು ಕರೆದು, "ಪಟ್ಟಿ ಕಟ್ಟವ್ವಾ" ಎಂದ. ಕಟ್ಟಿದೆ. ಕೆಂಚ್ಯಾ ಹತ್ತಲು ತಕರಾರು ಮಾಡಲಿಲ್ಲ. ಕುರಿ ಇದ್ದಲ್ಲಿ ತಾನಿರಬೇಕು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಹತ್ತಿದ ಮೇಲೆ ತಿರುಗಿ, ಅಪ್ಪ ಇನ್ನೂ ಯಾಕೆ ಹತ್ತಲಿಲ್ಲ ಎನ್ನುವ ಹಾಗೆ ನೋಡಿದ. ಟೆಂಪೋ ಹೋಯಿತು. ನನಗೆ ಏನೂ ಅನಿಸಲಿಲ್ಲ. ಅವನು ಹೋಗುವುದು, ತಿಂಗಳೊಪ್ಪತ್ತಿನ ಮೇಲೆ ಬರುವುದು ನನಗೆ ಹೊಸದಲ್ಲ. ಬಂದಾಗ ಪಟ್ಟಿ ಬಿಚ್ಚಿದರಾಯಿತು ಎಂದುಕೊಂಡು ಸಾಲೆಗೆ ಹೋದೆ.

ಕೆಲವು ದಿನಗಳ ಮೇಲೆ ಹುಸೇನಸಾಬ ನಮ್ಮ ಮನೆಯ ಮುಂದೆ ಟೆಂಪೋ ನಿಲ್ಲಿಸಿದ. ಇಳಿಯಲಿಲ್ಲ, ಕುಳಿತಲ್ಲಿಂದಲೇ ಹೇಳಿದ.

"ನಿಮ್ಮ ನಾಯಿ ಏನೂ ಮುಟ್ಟವಲ್ದಂತ್ರಿ. ಹೇಳಿಬಿಡು ಅಂದಾನ ಅಮೋಗಪ್ಪ."

"ಹೊಸಾ ಜಾಗಾ ಐತಿ," ಎಂದ ಅಪ್ಪ. "ಹಸಿವಾದ್ರ ತಾನ ತಿಂತೈತಿ. ಹಸಿವಿಗೆ ರುಚಿ ಬ್ಯಾಡ, ನಿದ್ದಿಗೆ ಹಾಸಗಿ ಬ್ಯಾಡ."

ಅವ್ವ ಒಳಗಿನಿಂದ ಕೇಳಿಸಿಕೊಂಡಿದ್ದಳು. ಟೆಂಪೋ ಹೋದ ಮೇಲೆ ಕೈಯ ಹಿಟ್ಟು ಒರೆಸುತ್ತ ಹೊರಗೆ ಬಂದಳು.

"ನೀವ ಒಂದ್ ಸರ್ತಿ ಹೋಗಿ ಉಣಿಸಿ ಬರ್ರಿ. ಆಮ್ಯಾಲ ರೂಢಿ ಆಗತೈತಿ."

"ಮಾರಿದ ಹಿಂಡಿನ ಹಿಂದ ಹೋಗಬಾರ್ದು. ನನ್ನ ದನಿ ಕೇಳಿದ್ರ ಕುರಿ ತಿರುಗಿ ನಿಲ್ತಾವ. ಆಮ್ಯಾಲ ಅವ ಹೆಂಗ ಮೇಯಿಸಬೇಕು?"

"ಹಂಗಾರ ನಾ ಹೋಗ್ತೇನಿ," ಎಂದೆ ನಾನು. "ಹುಸೇನಕಾಕಾನ ಟೆಂಪೋದಾಗ ಹೋಗಿ ಬರ್ತೇನಿ."

"ಸುಮ್ನ ಕೂಡು."

ಅಪ್ಪ ಹೇಳಿದ್ದು ಸುಳ್ಳಲ್ಲ. ಮಾರಿದವನು ಒಂದು ತಿಂಗಳು ಹಿಂಡಿಗೆ ಮುಖ ತೋರಿಸಬಾರದು ಎಂಬುದು ಕುರಿಗಾರರಲ್ಲಿ ಮಾತು ಕೊಟ್ಟಷ್ಟೇ ಗಟ್ಟಿ. ಮುರಿದರೆ ಕೊಂಡವನಿಗೆ ಮೋಸ ಮಾಡಿದ ಹಾಗೆ. ನಾನು ಕುರಿಗಾರನ ಮಗಳು, ಆ ಮಾತು ನನಗೂ ಅರ್ಥವಾಗುತ್ತಿತ್ತು. ಅರ್ಥವಾದದ್ದರಿಂದ ಏನೂ ಹಗುರವಾಗಲಿಲ್ಲ. ಮರುದಿನ ಅವ್ವ ಕಡೇ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ, ದಾರಿಯಲ್ಲಿ ನಿಂತು ಕಾಯ್ದು, ಹುಸೇನಸಾಬನ ಕೈಗೆ ಕೊಟ್ಟಳು. ನನ್ನ ಹಳೆಯ ಲಂಗದ ತುಂಡದು, ನನ್ನ ವಾಸನೆ ಹತ್ತಲಿ ಎಂದು ಬೇಕೆಂದೇ ಅದರಲ್ಲಿ ಕಟ್ಟಿದ್ದಳು. ಅವನು ತಿರುಗಿ ಬಂದಾಗ ಈ ಸಲ ಟೆಂಪೋದಿಂದ ಇಳಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಅವ್ವನಿಗೆ ಹೇಳಿದ.

"ರೊಟ್ಟಿ ಇಟ್ವಿ ತಂಗಿ. ಮೂಸಿ ನೋಡ್ತು. ನಾ ಹಿಡಿದೆ, ಅಮೋಗಪ್ಪ ಹಿಡಿದ, ಅವನ ಹೇಣ್ತಿ ಹಿಡಿದ್ಲು. ಬಾಯಿ ತೆರೀಲಿಲ್ಲ. ಆಮ್ಯಾಲ ರೊಟ್ಟಿ ಮ್ಯಾಲ ಗದ್ದ ಇಟ್ಟು ಮಲಗಿಬಿಡ್ತು."

ಅವನು ಅದರ ಮುಂದಿನ ಸಲ ಬಂದಾಗ ಕೆಂಚ್ಯಾನ ಮುಳ್ಳಿನ ಪಟ್ಟಿಯನ್ನು ತಂದು ಕಟ್ಟೆಯ ಮೇಲೆ ಇಟ್ಟ.

ನಾನು ಅಳಲಿಲ್ಲ. ಅವ್ವ ಅಳಲಿಲ್ಲ. ಬಯ್ಯುವ ಆಯಿ ಬಯ್ಯಲಿಲ್ಲ, ಆ ದಿನವೆಲ್ಲ ನೂಲುತ್ತಲೇ ಇದ್ದಳು. ಎಲ್ಲರಿಗೂ ಒಂದೇ ವಿಷಯ ಗೊತ್ತಿತ್ತು. ಅವನು ಸತ್ತದ್ದು ಕಳ್ಳರಿಂದಲ್ಲ, ತೋಳದಿಂದಲ್ಲ, ನಾವು ಕಲಿಸಿದ್ದನ್ನು ಮರೆಯದೆ ಸತ್ತ. ನಾನು ಕೊಡ ತೆಗೆದುಕೊಂಡು ನೀರಿಗೆ ಹೋದೆ. ತುಂಬಿ ತಂದೆ. ಮತ್ತೆ ಹೋದೆ. ಮನೆಯ ಪಾತ್ರೆಗಳೆಲ್ಲ ತುಂಬಿದ ಮೇಲೂ ಹೋಗಲು ಹೊರಟಾಗ ಅವ್ವ ಕೊಡ ಇಸಿದುಕೊಂಡಳು. ಒಳಗೆ ಏನಾದರೂ ಆಗುತ್ತದೆ ಎಂದು ಕಾಯುತ್ತಿದ್ದೆ, ಏನೂ ಆಗಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಇದ್ದೆ. ಅದು ಒಂದು ದಿನದ್ದಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂದರೂ ಹಾಗೇ ಇದ್ದೆ.

ಅವ್ವ ಮಾತ್ರ ಕಡೇ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ಬೇಕೆಂದು ಮಾಡುತ್ತಿರಲಿಲ್ಲ, ಕೈ ತಾನೇ ಮಾಡುತ್ತಿತ್ತು. ಮಾಡಿದ ಮೇಲೆ ಅದನ್ನು ನೋಡಿ, ಎಲ್ಲಿಡಬೇಕೆಂದು ತಿಳಿಯದೆ ಒಲೆಯ ಬದಿಗೆ ಇಡುತ್ತಿದ್ದಳು. ಒಂದು ದಿನ ನಾನು ಅದನ್ನು ತೆಗೆದುಕೊಂಡು ಹೋಗಿ ಖಾಲಿ ದೊಡ್ಡಿಯಲ್ಲಿ ಕುಳಿತು ತಿಂದೆ. ಮಜ್ಜಿಗೆ ಇಲ್ಲ, ಹಿಂಡಿ ಚಟ್ನಿ ಇಲ್ಲ, ಬರೀ ರೊಟ್ಟಿ. ನಡುವೆ ಬೆಂದಿರಲಿಲ್ಲ. ಮರುದಿನವೂ ತಿಂದೆ. ಅವ್ವನಿಗೆ ಗೊತ್ತಾಯಿತು. ಆಮೇಲಿಂದ ಅದನ್ನು ಒಲೆಯ ಬದಿಗೆ ಇಡದೆ ಹೊಸ್ತಿಲ ಮೇಲೆ ಇಡತೊಡಗಿದಳು.

ಆ ದಿನಗಳಲ್ಲೇ ನನಗೆ ಇನ್ನೊಂದು ನಾಯಿ ಬೇಕು ಅನಿಸತೊಡಗಿದ್ದು. ಕೆಂಚ್ಯಾನನ್ನು ಮರೆಯಲಿಕ್ಕಲ್ಲ. ಅಂಗೈ ಸುಮ್ಮನೆ ಖಾಲಿ ಇತ್ತು. ಸಾಲೆಗೆ ಹೋಗುವ ದಾರಿಯಲ್ಲಿ ಯಾರ ನಾಯಿ ಕಂಡರೂ ಕೈ ಚಾಚುತ್ತಿದ್ದೆ. ಕೆಲವು ನೆಕ್ಕುತ್ತಿದ್ದವು, ಕೆಲವು ಗುರ್ ಎನ್ನುತ್ತಿದ್ದವು. ಎರಡಕ್ಕೂ ನನಗೆ ಏನೂ ಅನಿಸುತ್ತಿರಲಿಲ್ಲ, ಆದರೂ ಚಾಚುತ್ತಿದ್ದೆ. ಅಪ್ಪನಿಗೆ ಆಗ ಕಾಲುವೆಯ ಗೇಟು ಕಾಯುವ ಕೆಲಸ ಸಿಕ್ಕಿತ್ತು. ಸಂಜೆ ಮನೆಗೆ ಬಂದು ಎಲ್ಲರ ಹಾಗೆ ಉಣ್ಣುತ್ತಿದ್ದ. ಒಂದು ಸಂಜೆ ಅವನು ಉಣ್ಣುವಾಗ ಕೇಳಿದೆ.

"ಅಪ್ಪಾ, ಇನ್ನೊಂದ್ ನಾಯಿ ತರೂಣು."

"ಕುರಿ ಇಲ್ಲದ ಮನಿಗೆ ನಾಯಿ ಯಾಕ?"

ಪಡಸಾಲೆಯಲ್ಲಿ ಆಯಿಯ ಕೈ ನಿಂತಿತು. ಇಷ್ಟು ದಿನ ಹಿಡಿದಿಟ್ಟುಕೊಂಡದ್ದು ಅವಳಿಗೆ ಆಗ ಬಂತು.

"ಕುರಿ ಮಾರಿದಿ, ಮಾರು. ಹೊಟ್ಟಿಪಾಡು. ಆ ಮೂಕಪ್ರಾಣಿ ಯಾಕ ಕೊಟ್ಟಿ? ಅದೇನ ನಿನಗ ಭಾರ ಆಗಿತ್ತ?"

"ರೂಢಿ ಐತಿ, ಕೊಟ್ಟೆ."

"ರೂಢಿ. ಮಂದಿ ಕೈಲೆ ಉಣಬ್ಯಾಡ ಅಂತ ಬಡದು ಕಲಿಸಿದಿ, ಆಮ್ಯಾಲ ಅದನ್ನ ಒಯ್ದು ಮಂದಿ ಕೈಯಾಗ ಇಟ್ಟಿ. ಇದ್ಯಾವ ರೂಢಿಯೋ ನಿಂದು? ಒಂದ್ ಸರ್ತಿ ಹೋಗಿ ನೋಡಿದ್ರ ನಿನ್ನ ಕಾಲ ಮುರೀತಿದ್ವು?"

"ಆಯೀ, ಉಣ್ಣಾಕತ್ತಾರ, ಬಿಡ್ರಿ," ಎಂದಳು ಅವ್ವ.

ಅಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ. ಅರ್ಧ ರೊಟ್ಟಿ, ಪುಂಡಿಪಲ್ಯ ಹಾಗೇ ಉಳಿದಿದ್ದವು. ಉಣ್ಣುವ ತಾಟು ಬಿಟ್ಟು ಏಳುವ ಮನುಷ್ಯನಲ್ಲ ಅವನು. ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತ. ಆಯಿ ಅಷ್ಟು ಹೊತ್ತು ಬೈದು ಆಮೇಲೆ ಒಬ್ಬಳೇ ಅತ್ತಳು. ನಾನು ಅವನ ತಾಟು ತೆಗೆದು ತೊಳೆದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ.

ಆ ಮಾತಾಗಿ ಎಷ್ಟೋ ದಿನವಾದ ಮೇಲೆ ಒಂದು ಮುಂಜಾನೆ ಅಪ್ಪ ಕಾಲುವೆಯ ಕಡೆಯಿಂದ ಬೇಗ ಬಂದ. ಕಂಬಳಿಯ ಮಡಿಕೆಯಲ್ಲಿ ಏನೋ ಮಿಸುಕುತ್ತಿತ್ತು. ಕಪ್ಪು ಬಿಳುಪಿನ ಮರಿ, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಕಾಲುವೆ ಸೇತುವೆಯ ಕೆಳಗೆ ಇತ್ತಂತೆ, ತಾಯಿ ಇರಲಿಲ್ಲವಂತೆ. ಅಷ್ಟು ಹೇಳಿ ಅವ್ವನನ್ನು ಕೇಳಿದ.

"ಕಡೇ ರೊಟ್ಟಿ ಐತೇನ?"

ಅವ್ವ ನನ್ನನ್ನು ನೋಡಿದಳು. ರೊಟ್ಟಿ ನನ್ನ ಕೈಯಲ್ಲಿತ್ತು, ಒಂದು ಕಡೆ ಕಚ್ಚಿದ್ದು. ಅಪ್ಪ ಆ ರೊಟ್ಟಿಯನ್ನು, ನನ್ನನ್ನು, ಮತ್ತೆ ರೊಟ್ಟಿಯನ್ನು ನೋಡಿದ. ಯಾಕೆ ತಿನ್ನುತ್ತೀಯ ಎಂದು ಕೇಳಲಿಲ್ಲ. ಮರಿಯನ್ನು ಕಂಬಳಿಯೊಳಗೆ ಸರಿಮಾಡಿಕೊಂಡ.

"ರೊಟ್ಟಿ ತಗೊಂಡು ಬಾ ನನ್ನ ಜೋಡಿ."

ನಾನು ಮರಿಗೆ ಉಣಿಸಲು ಅಲ್ಲೇ ಕೂರಬೇಕೆಂದಿದ್ದೆ. ಅವನು ಆಗಲೇ ಬಾಗಿಲು ದಾಟಿದ್ದ. ಹೋಗಿ ನಿಂತದ್ದು ನೀಲವ್ವ ದೊಡ್ಡವ್ವನ ಮನೆಯ ಮುಂದೆ. ನನ್ನ ಕೈಯ ರೊಟ್ಟಿಯಿಂದ ಒಂದು ಚೂರು ಮುರಿದು ಅವಳ ಕೈಯಲ್ಲಿಟ್ಟ.

"ಅಕ್ಕಾ, ಇದಕ್ಕ ನಿನ್ನ ಕೈಲೆ ಒಂದ್ ತುತ್ತ ಉಣಿಸು."

"ಉಣಿಸಿ ಹೊಡೀಲೇನ ಮತ್ತ?"

"ಹೊಡಿಬ್ಯಾಡ. ಬರೇ ಉಣಿಸು."

"ಆಗ ಹೊಡಿ ಅಂದಿ, ಈಗ ಉಣಿಸು ಅಂತಿ. ಏನ್ ಮನಷ್ಯಾ ಅದಿಯೋ ತಮ್ಮಾ ನೀ."

"ಯಾರ ಕೈಲೆ ಆದ್ರೂ ಉಣ್ಣಲಿ, ಅಕ್ಕಾ."

ನೀಲವ್ವ ಕೈ ಚಾಚಿದಳು. ಮರಿ ಅವಳ ಕೈಯಿಂದ ತುತ್ತು ಕಸಿದು ತಿಂದು, ಬೆರಳನ್ನೂ ಬಾಯಿಗೆ ಹಾಕಿಕೊಂಡಿತು. ನಿಲ್ಲಿರಿ ಎಂದು ನೀಲವ್ವ ಒಳಗೆ ಹೋಗಿ ತಾನೇ ಒಂದು ಬಟ್ಟಲು ಮಜ್ಜಿಗೆ ತಂದಳು. ಅಲ್ಲಿಂದ ಮುಂದಿನ ಮನೆ, ಅಲ್ಲಿಂದ ಅದರ ಮುಂದಿನದು. ಅಪ್ಪ ಮರಿ ಹಿಡಿದು ಮುಂದೆ, ನಾನು ರೊಟ್ಟಿ ಹಿಡಿದು ಹಿಂದೆ. ಮೇವಿನ ಜಗಳದಲ್ಲಿ ಅಪ್ಪ ಮಾತು ಬಿಟ್ಟಿದ್ದ ಒಂದು ಮನೆ ಇತ್ತು. ಅದನ್ನು ದಾಟಿ ಹೋಗುತ್ತಾನೆ ಎಂದುಕೊಂಡಿದ್ದೆ. ಅಲ್ಲೂ ನಿಂತ. ಆ ಮನೆಯ ಯಜಮಾನ ಬಾಗಿಲಲ್ಲಿ ಕುಳಿತು ತಂಬಾಕು ತಿಕ್ಕುತ್ತಿದ್ದ. ಅಪ್ಪ ಏನೂ ಹೇಳದೆ ಚೂರು ರೊಟ್ಟಿ ಚಾಚಿದ. ಅವನೂ ಏನೂ ಕೇಳದೆ ಕೈ ಧೋತರಕ್ಕೆ ಒರೆಸಿಕೊಂಡು, ಇಸಿದುಕೊಂಡು, ಉಣಿಸಿದ. ಓಣಿ ಮುಗಿಯುವ ಹೊತ್ತಿಗೆ ರೊಟ್ಟಿ ಮುಗಿದಿತ್ತು. ನನ್ನ ಕೈಯಿಂದ ಉಣಿಸಲು ಒಂದು ಚೂರೂ ಉಳಿದಿರಲಿಲ್ಲ. ಅಪ್ಪನಿಗೆ ಅದು ಮನೆಗೆ ಬಂದ ಮೇಲೆ ಹೊಳೆಯಿತು. ಅವ್ವನಿಗೆ ಇನ್ನೊಂದು ರೊಟ್ಟಿ ಬಡಿಯಲು ಹೇಳಿದ. ಅದನ್ನು ನಾನು ಉಣಿಸಿದೆ, ಆದರೆ ಅಷ್ಟರಲ್ಲಿ ಮರಿಯ ಹೊಟ್ಟೆ ತುಂಬಿತ್ತು.

ಅದಕ್ಕೆ ಹೆಸರಿಡಬೇಡಿ, ಹೆಸರಿಟ್ಟರೆ ಹೋಗಿಬಿಡುತ್ತದೆ ಎಂದಳು ಆಯಿ. ಹಾಗಾಗಿ ಮರಿ ಎಂದೇ ಕರೆದೆವು, ಮುದಿಯಾದಾಗಲೂ ಅದು ಮರಿಯೇ. ಇಷ್ಟು ದಂಡದ ನಾಯಿಯನ್ನು ನಾನು ಮತ್ತೆ ನೋಡಿಲ್ಲ. ಯಾರು ಬಂದರೂ ಬಾಲ, ಯಾರು ಒಗೆದರೂ ಬಾಯಿ. ಓಣಿಯ ಎಲ್ಲ ಮನೆಯಲ್ಲೂ ಅದರ ಊಟ. ನಾನು ಕರೆದರೆ ಬರುತ್ತಿತ್ತು, ನೀಲವ್ವ ಕರೆದರೆ ನನ್ನನ್ನು ಬಿಟ್ಟು ಅಲ್ಲಿಗೆ ಹೋಗುತ್ತಿತ್ತು. ನನಗೆ ಬೇಕಾಗಿದ್ದದ್ದು ನನ್ನ ಕೈಗಾಗಿ ಕಾಯುವ ನಾಯಿ. ಸಿಕ್ಕದ್ದು ಓಣಿಯ ನಾಯಿ. ಬಹಳ ದಿನ ನನಗೆ ಅದರ ಮೇಲೆ ಸಿಟ್ಟಿತ್ತು. ಅದರ ಮುಂದೆ ಕುಳಿತು, ನೀ ಕೆಂಚ್ಯಾ ಅಲ್ಲ ಎಂದು ಹೇಳುತ್ತಿದ್ದೆ. ಅದು ಅಂಗೈ ನೆಕ್ಕುತ್ತಿತ್ತು. ನಾಲಿಗೆ ಮೆತ್ತಗಿತ್ತು. ಜನ ಅಪ್ಪನನ್ನು ಚಾಷ್ಟಿ ಮಾಡುತ್ತಿದ್ದರು, ಕುರಿಗಾರನ ಮನೆಯಲ್ಲಿ ಎಂಥ ಭಿಕ್ಷುಕ ನಾಯಿ ಎಂದು. ಅಪ್ಪ ನಗುತ್ತಿದ್ದ. ಮರಿ ಮುದಿಯಾಗಿ, ದಪ್ಪಗಾಗಿ, ಒಂದು ಮಧ್ಯಾಹ್ನ ನೀಲವ್ವನ ಕಟ್ಟೆಯ ಮೇಲೆ ಉಂಡು ಮಲಗಿದ್ದು ಏಳಲಿಲ್ಲ. ಉಂಡು ಸತ್ತಿತು ಎಂದು ಆಯಿ ಅದನ್ನು ಒಂದು ಪುಣ್ಯದ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನನ್ನ ಮಗಳು ಫೋಟೋ ಕಳಿಸಿದ ಆ ಮರಿಯನ್ನು ತಾ ಎಂದು ಆಮೇಲೆ ಫೋನು ಮಾಡಿ ಹೇಳಿದ್ದೇನೆ. ನನಗೆ ಈಗ ಓಣಿಯ ನಾಯಿಯಾದರೂ ನಡೆಯುತ್ತದೆ.

ಮರಿ ಸತ್ತ ವರ್ಷವೇ ನನ್ನ ಮದುವೆಯಾಯಿತು. ಚಡಚಣದ ಮನೆ, ಅರ್ಧ ಕನ್ನಡ ಅರ್ಧ ಮರಾಠಿ. ಸಾರಿನ ರುಚಿ ಬೇರೆ, ರೊಟ್ಟಿ ಮುರಿಯುವ ರೀತಿಯೂ ಬೇರೆ. ಯಾರೂ ನನಗೆ ಕೆಟ್ಟದ್ದು ಮಾಡಲಿಲ್ಲ. ಆದರೆ ತುತ್ತು ಬಾಯಿಗಿಟ್ಟರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಸಿವೇ ಇರಲಿಲ್ಲ. ತಾಟನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆ, ಯಾರೂ ನೋಡದಾಗ ಆಕಳ ಮುಂದೆ ಹಾಕುತ್ತಿದ್ದೆ. ಈ ಸುದ್ದಿ ತವರಿಗೆ ಮುಟ್ಟಿರಲಿಕ್ಕಿಲ್ಲ, ಮುಟ್ಟಿಸುವವರು ಯಾರೂ ಇರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುವ ಕಾಲ. ಹೆಣ್ಣು ಕೊಟ್ಟವರು ಪಂಚಮಿಗೆ ಕರೆದೊಯ್ಯಲು ಬರಬೇಕು, ಅದಕ್ಕೂ ಮೊದಲು ಬಂದು ಬಾಗಿಲಲ್ಲಿ ನಿಂತರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಪಂಚಮಿ ಇನ್ನೂ ಬಹಳ ದೂರವಿತ್ತು. ಒಂದು ಮುಂಜಾನೆ ಹುಸೇನಸಾಬನ ಟೆಂಪೋ ಚಡಚಣದ ಮನೆಯ ಮುಂದೆ ನಿಂತಿತು. ಮುಂದಿನ ಸೀಟಿನಿಂದ ಅಪ್ಪ ಇಳಿದ.

ಅತ್ತೆ ಗಡಬಡಿಸಿ ಸೆರಗು ಹೊದ್ದುಕೊಂಡು ಹೊರಗೆ ಬಂದಳು.

"ಬರ್ರಿ ಬೀಗರ. ಒಳಗ ಬರ್ರಿ. ಎಲ್ಲಾ ಆರಾಮ ಅದಾರಿಲ್ರಿ?"

ಅಪ್ಪ ಕಟ್ಟೆ ಹತ್ತಲಿಲ್ಲ. ಕೆಳಗೇ ನಿಂತು ಕೇಳಿದ.

"ಉಣ್ತಾಳೇನ್ರಿ?"

"ಯಾರ್ರಿ?"

"ನಮ್ಮ ಹುಡುಗಿ."

ಅತ್ತೆ ನನ್ನ ಕಡೆ ನೋಡಿದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು.

"ಕಡಿಮಿ ಉಣ್ತಾಳ್ರಿ. ಹೊಸದಲ್ರಿ, ಆಗತೈತಿ ರೂಢಿ."

ಅಪ್ಪ ಹೆಗಲಿನ ಗಂಟು ಬಿಚ್ಚಿದ. ಮೇಲೆ ಒಣಗಿಸಿದ ಕಟಗ ರೊಟ್ಟಿಗಳ ಕಟ್ಟು, ಅದರ ಕೆಳಗೆ ಬೇರೆ ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ರೊಟ್ಟಿ. ಅಂಗೈಯಗಲದ್ದು, ತುಸು ದಪ್ಪ. ಅದರಿಂದ ಒಂದು ಚೂರು ಮುರಿದ. ನನಗೆ ಕೊಡುತ್ತಾನೆ ಎಂದುಕೊಂಡು ಕೈ ಮುಂದೆ ಮಾಡಿದೆ. ಅವನು ಅದನ್ನು ಅತ್ತೆಯ ಮುಂದೆ ಹಿಡಿದ.

"ಯವ್ವಾ, ನಿಮ್ಮ ಕೈಲೆ ಒಂದ್ ತುತ್ತ ಉಣಸ್ರಿ ಆಕಿಗೆ."

ಇದು ನಮ್ಮ ಕಡೆಯ ಯಾವುದೋ ಶಾಸ್ತ್ರ ಎಂದುಕೊಂಡಳು ಅತ್ತೆ. ನಗುತ್ತ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತುತ್ತನ್ನು ನನ್ನ ಬಾಯಿಗಿಟ್ಟಳು. ಅಪ್ಪ ನನ್ನ ಗಂಟಲನ್ನೇ ನೋಡುತ್ತಿದ್ದ. ನಾನು ಅಗಿದು ನುಂಗಿದೆ. ಇನ್ನೊಂದು ತುತ್ತು ಕೊಟ್ಟಳು, ಅದನ್ನೂ ನುಂಗಿದೆ. ಅವನು ಗಂಟನ್ನು ಕಟ್ಟೆಯ ಮೇಲಿಟ್ಟು, ನೀರೂ ಕುಡಿಯದೆ, ಬರ್ತೇನ್ರಿ ಎಂದು ಟೆಂಪೋ ಹತ್ತಿದ.

ಟೆಂಪೋದ ಸದ್ದು ದೂರವಾಗುವವರೆಗೆ ನಿಂತಿದ್ದು ಒಳಗೆ ಹೋದೆ. ಒಲೆಯ ಮುಂದೆ ಕುಳಿತ ಮೇಲೆ ಅಳು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅತ್ತೆ ಬಂದು ಬೆನ್ನ ಮೇಲೆ ಕೈ ಇಟ್ಟಳು.

"ತವರಮನಿ ನೆನಪಾತೇನವ್ವಾ?"

ಎಂದೋ ಸತ್ತ ನಾಯಿಗೆ ಅಳುತ್ತಿದ್ದೇನೆ ಎಂದು ಯಾರಿಗೆ ಹೇಳುವುದು? ಹೂಂ ಎಂದೆ.